ಇಲ್ಲ ಮತ್ತು ಅಲ್ಲ

ಆ ಹುಡುಗಿಯನ್ನು ಮಾನ್ವಿಗೆ ಕರೆದುಕೊಂಡು ಹೋದವಳು ನಾನೇ. ಯಾರೂ ಕೇಳಿರಲಿಲ್ಲ. ನನಗೆ ಶೋ ಮಾಡಬೇಕಾಗಿತ್ತು, ಅಷ್ಟೇ. ಅಲ್ಲಿ ನನಗೊಬ್ಬ ಗೆಳತಿ ಇದ್ದಾಳೆ, ಅವಳ ಮನೆಯಲ್ಲಿ ಅಲಮಾರಿ ತುಂಬ ಉರ್ದು ಫಾರಸಿ ಪುಸ್ತಕಗಳಿವೆ, ನಾವಿಬ್ಬರೂ ಕೂತು ದೊಡ್ಡ ದೊಡ್ಡ ವಿಷಯ ಓದುತ್ತೇವೆ ಎಂದು ಒಬ್ಬರಿಗಾದರೂ ತೋರಿಸಬೇಕಾಗಿತ್ತು. ಎಪ್ಪತ್ತು ದಾಟಿದ ಮೇಲೆ ತೋರಿಸಲು ಬೇರೆ ಏನಿರುತ್ತದೆ?

ಗೆಳತಿ ಮತ್ತು ನಾನು ರಾಯಚೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಅವಳ ಅಬ್ಬಾ ಮಾನ್ವಿಯಲ್ಲಿ ಉರ್ದು, ಫಾರಸಿ ಕಲಿಸುವ ಮಾಸ್ತರು. ಅವರಿಗೊಂದು ಹುಚ್ಚಿತ್ತು, ‘ಇರುವುದು’ ಅಂದರೆ ಏನು ಎಂಬ ಹುಚ್ಚು. ಹಳೆಯ ಅರಬ್ಬಿ, ಫಾರಸಿ ಜ್ಞಾನಿಗಳು ಈ ಒಂದು ಮಾತಿಗಾಗಿ ಶತಮಾನಗಟ್ಟಲೆ ವಾದ ಮಾಡಿದ್ದನ್ನೆಲ್ಲ ಓದಿ, ತಮಗೆ ತಿಳಿದಷ್ಟನ್ನು ಉರ್ದುವಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಸ್ವಂತಕ್ಕೆ ಬರೆದುಕೊಳ್ಳುವ ಅಂಥ ಪುಸ್ತಕಕ್ಕೆ ಅವರ ಮನೆಯಲ್ಲಿ ಬಯಾಜ್ ಅನ್ನುತ್ತಿದ್ದರು. ಹಸಿರು ಬಟ್ಟೆಯ ರಟ್ಟು, ಒಳಗೆ ಇರುವೆ ಸಾಲಿನಂಥ ಅಕ್ಷರ.

ಅಬ್ಬಾ ತೀರಿಕೊಂಡ ಎಷ್ಟೋ ವರ್ಷದ ಮೇಲೆ, ನಾವಿಬ್ಬರೂ ನೌಕರಿಯಿಂದ ರಿಟೈರ್ ಆದಾಗ, ಅದನ್ನು ಕನ್ನಡಕ್ಕೆ ತರೋಣ ಎಂದು ಅವಳು ಅಂದಳು. ಗುರುವಾರ ಗುರುವಾರ ನಾನು ರಾಯಚೂರಿನಿಂದ ಬಸ್ ಹತ್ತುವುದು, ಅವಳು ಗಟ್ಟಿಯಾಗಿ ಓದಿ ಅರ್ಥ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ಹನ್ನೊಂದು ವರ್ಷದಲ್ಲಿ ಆದದ್ದು ಹದಿನಾಲ್ಕು ಪುಟ. ಉಳಿದ ಹೊತ್ತೆಲ್ಲ ಚಹಾ, ಮಾತು, ಕಾನ್ವೆಂಟಿನ ಸಿಸ್ಟರುಗಳ ಮಿಮಿಕ್ರಿ. ಮುಗಿಸುವ ಅವಸರ ನಮಗೆ ಇರಲಿಲ್ಲ. ಖರೇ ಹೇಳಬೇಕೆಂದರೆ ನನಗೆ ಇರಲಿಲ್ಲ. ಮುಗಿದುಬಿಟ್ಟರೆ ಗುರುವಾರ ಯಾವ ನೆಪ ಹೇಳಿ ಹೋಗಲಿ?

ನಡುವೆ ಒಮ್ಮೆ ಅವಳ ಮನೆಗೆ ಪೇಂಟ್ ಮಾಡಿಸುವಾಗ ಬಯಾಜನ್ನು ನನ್ನ ಕೈಗೆ ಕೊಟ್ಟು, “ಜೋಪಾನ,” ಅಂದಿದ್ದಳು. ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು, ಓದುವುದು ನಿಂತೇಹೋಯಿತು, ಆಪರೇಶನ್ ಆದದ್ದು ಬಹಳ ತಡವಾಗಿ. ಬಯಾಜ್ ನನ್ನಲ್ಲೇ ಉಳಿಯಿತು. ಗುರುವಾರ ಮಾತ್ರ ತಪ್ಪಲಿಲ್ಲ.

ಇನ್ನು ಆ ಹುಡುಗಿ. ಹುಡುಗಿ ಅಂದರೆ ಮೂವತ್ತರ ಹತ್ತಿರದವಳು, ದೇವದುರ್ಗದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಗೆಸ್ಟ್ ಲೆಕ್ಚರರ್. ಕುರಿ ಕಾಯುವ ಮನೆತನ. ಥೀಸಿಸ್ಸಿನ ಇಂಗ್ಲಿಷ್ ಸಾರಾಂಶ ತಿದ್ದಿಸಿಕೊಳ್ಳಲು ನನ್ನ ಮನೆಗೆ ಬಂದವಳು ಟೇಬಲ್ಲಿನ ಮೇಲಿದ್ದ ನನ್ನ ಹದಿನಾಲ್ಕು ಪುಟ ಕಂಡು, “ಇದೇನ್ರೀ ಮೇಡಂ?” ಅಂದಳು. ನಾನು ಉಬ್ಬಿಹೋದೆ. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದ ಗಂಟಲು, ಕೇಳುವವರು ಸಿಕ್ಕರೆ ಬಿಡುತ್ತದೆಯೇ?

“ನೋಡವಾ,” ಅಂದೆ, “ಒಂದು ವಸ್ತು ಏನು ಅನ್ನೂದು ಬ್ಯಾರೆ, ಅದು ಅದ ಅನ್ನೂದು ಬ್ಯಾರೆ. ಏನು ಅನ್ನೂದಕ್ಕ ಮಾಹಿಯತ್ ಅಂತಾರ. ಅದ ಅನ್ನೂದಕ್ಕ ವಜೂದ್. ಮನಿ ಪ್ಲ್ಯಾನ್ ಎಷ್ಟು ಚಂದ ತಗದ್ರೂ ಮನಿ ಅದನೋ ಇಲ್ಲೋ ಪ್ಲ್ಯಾನ್ ಹೇಳೂದಿಲ್ಲ. ನೀನು, ನಾನು, ಈ ಟೇಬಲ್ಲು ಇಲ್ಲದೇನೂ ಇರಬಹುದಿತ್ತು. ನಾವೆಲ್ಲಾ ಮುಮ್ಕಿನ್. ಇಲ್ಲದೇ ಇರಾಕ ಸಾಧ್ಯನೇ ಇಲ್ಲದ್ದು ಒಂದೇ ಒಂದು. ಅದು ದೇವರು. ನಮಗೆಲ್ಲಾ ಇರೂದನ್ನ ಕೊಟ್ಟಾಂವ ಅವನು.”

ಅವಳು ಚಹಾ ಕುಡಿಯುವುದನ್ನೇ ಮರೆತಳು. ಮುಂದಿನ ಗುರುವಾರ ನನ್ನ ಜೊತೆ ಬಸ್ಸಿನಲ್ಲಿದ್ದಳು.

ಗೆಳತಿಗೆ ಅವಳು ನಮಸ್ಕಾರ ಮಾಡಿದ್ದೇ, “ಯವ್ವಾ, ನಿಮ್ಮ ಅಪ್ಪಾರ ಬಗ್ಗೆ ಹೇಳ್ರಿ,” ಅಂದಳು. ನಾನು ಮೇಡಂ, ಅವಳು ಯವ್ವಾ. ಬಂದು ಇನ್ನೂ ಐದು ನಿಮಿಷ ಆಗಿರಲಿಲ್ಲ. ನಾನು ಗಮನಿಸಿದೆ, ಗಮನಿಸಲಿಲ್ಲ ಎಂಬಂತೆ ಕೂತೆ.

ಅವತ್ತೇ ನನ್ನ ಪುಟಗಳನ್ನು ಗೆಳತಿಯ ಮುಂದೆ ಗಟ್ಟಿಯಾಗಿ ಓದುತ್ತಾ ಅವಳು ಒಂದು ಕಡೆ ನಿಂತಳು.

“ಮೇಡಂ, ಇಲ್ಲಿ ದೇವರಿಗೆ ‘ನ್ಯಾಯವಾದ ಇರವು’ ಅಂತ ಬರದೀರಿ. ತಿಳೀಲಿಲ್ಲ.”

“ಮೂಲದಾಗ ವಾಜಿಬ್ ಅಂತ ಅದ,” ಅಂದೆ. “ಬಜಾರದಾಗ ವಾಜಿಬ್ ರೇಟು ಅಂತೀವಲ್ಲ, ನ್ಯಾಯವಾದ ರೇಟು.”

ಗೆಳತಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕಳು. “ಅರೇ, ವಾಜಿಬ್ ಅಂದ್ರ ಇರಲೇಬೇಕಾದ್ದು! ಹನ್ನೊಂದು ವರ್ಷ ದೇವರಿಗೆ ರೇಟ್ ಹಚ್ಚಿ ಇಟ್ಟಾಳ ಈಕಿ!”

ನಾನೂ ನಕ್ಕೆ. ಕಾನ್ವೆಂಟಿನಲ್ಲಿ ಕಲಿಸಿದ್ದರು, ವೆನ್ ದೆ ಲಾಫ್ ಅಟ್ ಯೂ, ಲಾಫ್ ಫಸ್ಟ್. ನಾನು ಸೆಕೆಂಡ್ ಆಗಿದ್ದೆ.

ಸೇಡು ತೀರಿಸಿಕೊಳ್ಳಲು ನನಗೆ ತಡವಾಗಲಿಲ್ಲ. ಗೆಳತಿಯ ಕನ್ನಡದಲ್ಲಿ ಒಂದೇ ಒಂದು ತಪ್ಪಿತ್ತು, ಶಾಲೆಯಿಂದಲೂ ಇದ್ದ ತಪ್ಪು. ‘ಅಲ್ಲ’ ಅನ್ನಬೇಕಾದಲ್ಲೆಲ್ಲ ‘ಇಲ್ಲ’ ಅನ್ನುತ್ತಿದ್ದಳು. ಇದು ನನ್ನ ಪೆನ್ ಇಲ್ಲ. ಅವನು ನಮ್ಮ ಮಾಮಾ ಇಲ್ಲ. ಅವತ್ತೂ ಹುಡುಗಿಗೆ, “ನಾನು ಓದಿ ತಿಳಿದ ಆಲಿಮಾ ಇಲ್ಲ ಮಾ, ಬರೇ ಮಾಸ್ತರ ಮಗಳು,” ಅಂದಳು. ನಾನು ತಕ್ಷಣ, “ಆಲಿಮಾ ಇಲ್ಲ ಅಂತ, ಕೇಳು! ಅರವತ್ತು ವರ್ಷ ತಿದ್ದೀನಿ, ಹೋಪ್‌ಲೆಸ್ ಕೇಸ್,” ಎಂದು ಹುಡುಗಿಯ ಕಡೆ ಕಣ್ಣು ಹೊಡೆದೆ.

ಹುಡುಗಿ ನಗಲಿಲ್ಲ. “ಯಾಕ ಯವ್ವಾ ಹಂಗಂತೀರಿ?” ಅಂದಳು. “ನಿಮಗ ಕನ್ನಡ ಇಷ್ಟು ಚಲೋ ಬರ್ತದ. ಇದೊಂದು ಹೆಂಗ ತಪ್ತದ?”

ಗೆಳತಿ ದುಪಟ್ಟಾದ ಅಂಚು ಸುತ್ತಿದಳು, ಬಿಚ್ಚಿದಳು. ಆಮೇಲೆ ಮೆಲ್ಲಗೆ ಅಂದಳು: “ತಪ್ಪಲ್ಲ… ತಪ್ಪಂಗಿಲ್ಲ. ನಾ ಸಣ್ಣಾಕಿದ್ದಾಗ ನಮ್ಮ ದಾದಿ, ಅಬ್ಬಾನ ಅವ್ವ, ಹೇಳಿದ್ದಳು. ಬೇಟಿ, ಆ ಕನ್ನಡ ಶಬ್ದ ಮ್ಯಾಲಿನ ಮಾಲಿಕನ ಹೆಸರಿನಂಗ ಕೇಳ್ತದ. ಅದನ್ನ ನಕಾರಕ್ಕ ಬಳಸಬ್ಯಾಡ. ನಿನ್ನ ನಾಲಿಗಿ ಮ್ಯಾಲ ಆ ಸಪ್ಪಳ ಬಂದ್ರ ಹೌದು ಅನ್ನಾಕೇ ಬರಲಿ. ದಾದಿ ಓದಿದಾಕಿ ಏನೂ… ಇರಲಿಲ್ಲ. ಆದ್ರ ನನಗ ಕುಂತುಬಿಡ್ತು.” ಆಮೇಲೆ ನನ್ನ ಕಡೆ ನೋಡಿ ನಕ್ಕಳು. “ಈಗ ಸಿಟ್ಟಿಗೆ ಆ ಶಬ್ದ ಒಮ್ಮೆ ಬಂದೇಬಿಡ್ತು ನೋಡು.”

ನಾನು ಅರವತ್ತು ವರ್ಷ ನಕ್ಕಿದ್ದೆ, ತಿದ್ದಿದ್ದೆ, ಸಿಸ್ಟರ್ ಮುಂದೆ ಚಾಡಿ ಕೂಡ ಹೇಳಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈ ಹುಡುಗಿ ಬಂದ ದಿನವೇ ಕೇಳಿದಳು. ನನ್ನ ಗೆಳತಿಯ ಬಾಯಿಯೊಳಗಿನ ಒಂದು ಗುಟ್ಟು, ನನ್ನ ಕಣ್ಣೆದುರೇ, ಬೇರೆಯವರ ಮಡಿಲಿಗೆ ಬಿತ್ತು. ಆಗ ನನಗಾದದ್ದಕ್ಕೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಶಬ್ದಗಳಿವೆ, ಕ್ಲಾಸಿನಲ್ಲಿ ವ್ಯತ್ಯಾಸ ಹೇಳಿಕೊಡುತ್ತಿದ್ದೆ. ಅವತ್ತು ಒಂದೂ ನೆನಪಾಗಲಿಲ್ಲ.

ಹುಡುಗಿಯ ಮುಖ ಮಾತ್ರ ಬೆಳಗಿತ್ತು. “ಯವ್ವಾ, ನಿಮ್ಮ ಅಪ್ಪಾರ ಮಾಹಿಯತ್, ವಜೂದ್ ಅಂದ್ರ ಇವೇ ಎರಡು, ಅಲ್ಲ ಮತ್ತ ಇಲ್ಲ! ನಮ್ಮ ಕಡೆ ಸಂಜಿಗೆ ಕುರಿ ಹಟ್ಟಿಗೆ ಬರ್ತಾವ. ‘ಅದು ಕುರಿ ಅಲ್ಲ’ ಅಂದ್ರ ಮ್ಯಾಕಿ ಇರಬಹುದು, ಯಾರೂ ಹೆದರೂದಿಲ್ಲ. ‘ಕುರಿ ಇಲ್ಲ’ ಅಂದ್ರ ಎಲ್ಲಾರೂ ಬಡಿಗಿ ತಗೊಂಡು ಏಳ್ತಾರ, ತೋಳ ಬಂದಿತ್ತು ಅಂತ. ಏನು ಅನ್ನೂದಕ್ಕ ಅಲ್ಲ. ಅದನೋ ಅನ್ನೂದಕ್ಕ ಇಲ್ಲ. ಇಂಗ್ಲಿಷಿನ್ಯಾಗ ಎರಡಕ್ಕೂ ಈಸ್ ನಾಟ್ ಒಂದೇ. ಹೌದಲ್ರೀ ಮೇಡಂ?”

ಹೌದು. ಟು ಬಿ ಕ್ರಿಯಾಪದವನ್ನು ನಲವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಆಮ್, ಈಸ್, ಆರ್. ಅದರೊಳಗೆ ಎರಡು ಕೆಲಸ ಸೇರಿಕೊಂಡಿವೆ ಎಂದು ನನಗೆ ಹೊಳೆದಿರಲಿಲ್ಲ.

“ಅಬ್ಬಾ ಇರಬೇಕಾಗಿತ್ತು,” ಎಂದು ಗೆಳತಿ ಅವಳ ಕೈ ಹಿಡಿದುಕೊಂಡಳು. ನನ್ನ ಹದಿನಾಲ್ಕು ಪುಟದಲ್ಲಿ ಯಾವುದಕ್ಕೂ ಆ ಮಾತು ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಾನು ಹೋಗುವ ಹೊತ್ತಿಗೆ ಹುಡುಗಿ ಅಲ್ಲಿರುತ್ತಿದ್ದಳು. ದೇವದುರ್ಗದಿಂದ ಎರಡು ಬಸ್ ಬದಲಿಸಿ ಬಂದು, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅದು ನನ್ನ ಕುರ್ಚಿ. ಅದರ ಮೇಲೆ ನನ್ನ ಹೆಸರು ಬರೆದಿರಲಿಲ್ಲ, ನಿಜ. ಅವಳು ತರುತ್ತಿದ್ದ ಜೋಳದ ರೊಟ್ಟಿ, ಪುಂಡಿಪಲ್ಯವನ್ನು ಗೆಳತಿ ಬೆರಳು ನೆಕ್ಕಿ ತಿನ್ನುತ್ತಿದ್ದಳು. ನಾನು ರಾಯಚೂರಿನ ಬೇಕರಿಯಿಂದ ಒಯ್ದ ಕೇಕು ಡಬ್ಬಿಯಲ್ಲೇ ಕೂತಿರುತ್ತಿತ್ತು. “ಅಸ್ತಿತ್ವ ಅಂತ ಬ್ಯಾಡ್ರಿ, ನಮ್ಮವ್ವಗ ತಿಳಿಯಂಗಿಲ್ಲ, ಇರಾದು ಅನ್ರಿ,” ಎಂದು ಹುಡುಗಿ ನನ್ನ ಶಬ್ದಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಗೆಳತಿ ತಲೆ ಆಡಿಸುತ್ತಿದ್ದಳು. ಹುಡುಗಿ ಕಿತ್ತದ್ದು ಸರಿಯಾಗೇ ಇತ್ತು. ಅದೇ ನನಗೆ ಸಹಿಸಲು ಆಗದ್ದು.

ಹೀಗಿರುವಾಗ ಒಂದು ಗುರುವಾರ ಗೆಳತಿ ಅಂದಳು: “ಬಯಾಜ್ ತಂದುಕೊಡು ಲೇ. ಈಗ ಕಣ್ಣು ಚಲೋ ಆಗ್ಯಾವ. ನಾ ಓದ್ತೀನಿ, ಈಕಿ ಬರೀಲಿ. ನಿನಗೂ ಮಣಕಟ್ಟು ನೋವು, ಇನ್ನ ಎಷ್ಟು ತ್ರಾಸ ತಗೋತಿ?”

ತ್ರಾಸು! ನನ್ನ ಗುರುವಾರಗಳಿಗೆ ಅವಳು ಇಟ್ಟ ಹೆಸರು.

“ನನ್ನ ಕಡೆ ಇಲ್ಲ,” ಅಂದೆ.

“ಪೇಂಟ್ ಮಾಡಸುವಾಗ ಕೊಟ್ಟಿದ್ದೆ.”

“ಪೇಂಟ್ ಒಣಗಿದ ಮ್ಯಾಲ ವಾಪಸ್ ಕೊಟ್ಟೀನಿ. ನಿನ್ನ ಕೈಯಾಗೇ ಕೊಟ್ಟೀನಿ. ಮರತಿ.”

ಇಷ್ಟು ನಯವಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಗೆಳತಿ ನನ್ನನ್ನು ಅನುಮಾನಿಸಲಿಲ್ಲ. ತನ್ನನ್ನೇ ಅನುಮಾನಿಸಿದಳು. ಟ್ರಂಕು ತೆಗೆದಳು, ಹಾಸಿಗೆ ಕೊಡವಿದಳು, ಅಲಮಾರಿಯ ಒಂದೊಂದೇ ಪುಸ್ತಕ ಇಳಿಸಿದಳು. ಹುಡುಗಿ ಕುರ್ಚಿಯ ಮೇಲೆ ನಿಂತು ಮೇಲಿನ ಹಲಗೆ ತಡಕಿದಳು. ನಾನೂ ಹುಡುಕಿದೆ. ಹೌದು, ನಾನೂ ಬಗ್ಗಿ ಮಂಚದ ಕೆಳಗೆ ಕೈ ಹಾಕಿ ಹುಡುಕಿದೆ.

“ನನ್ನ ತಲಿ ಹೋಗ್ಯಾದ,” ಎಂದು ಗೆಳತಿ ಧೂಳಿನ ನಡುವೆ ಕೂತಳು.

ಹುಡುಗಿ ಅವಳ ಪಕ್ಕಕ್ಕೆ ಕೂತಳು. “ಚಿಂತಿ ಮಾಡಬ್ಯಾಡ್ರಿ ಯವ್ವಾ. ನಿಮ್ಮ ಅಪ್ಪಾರು ಹೇಳಿದ್ದು ನಿಮಗ ನೆನಪದ. ನೆನಪಿದ್ದಷ್ಟು ಹೇಳ್ರಿ, ನಾ ಬರಕೋತೀನಿ. ಗುರುವಾರ ಒಂದೇ ಯಾಕ, ದಿನಾ ಫೋನ್ ಹಚ್ತೀನಿ.”

ನಾನು ಕಟ್ಟಬೇಕೆಂದಿದ್ದ ಗೋಡೆ ಅವರಿಬ್ಬರನ್ನು ಒಂದೇ ಕೋಣೆಯೊಳಗೆ ಹಾಕಿ ನನ್ನನ್ನು ಹೊರಗಿಟ್ಟಿತ್ತು. ಮನೆಗೆ ಬಂದು ಸ್ಟೀಲ್ ಅಲಮಾರಿ ತೆಗೆದು ನೋಡಿದೆ. ರೇಷ್ಮೆ ಸೀರೆಗಳ ಕೆಳಗೆ ಬಯಾಜ್ ಇತ್ತು. ಆರು ವರ್ಷ ಅದು ಅಲ್ಲಿದ್ದದ್ದೇ ನನಗೆ ನೆನಪಿರುತ್ತಿರಲಿಲ್ಲ. ಇಲ್ಲ ಎಂದು ಹೇಳಿದ ದಿನದಿಂದ ಅದು ಮನೆ ತುಂಬ ಇರತೊಡಗಿತು. ಅಡುಗೆ ಮಾಡುವಾಗ ಇತ್ತು, ಸ್ನಾನ ಮಾಡುವಾಗ ಇತ್ತು. ಯಾರಾದರೂ ಬಂದು ಆ ಅಲಮಾರಿಗೆ ಒರಗಿ ನಿಂತರೆ ಚಹಾದ ನೆಪ ಹೇಳಿ ಅವರನ್ನು ಅಡುಗೆಮನೆಗೆ ಕರೆದೊಯ್ಯುತ್ತಿದ್ದೆ.

ಎರಡು ತಿಂಗಳು ಹೀಗೇ ಹೋಯಿತು. ಗೆಳತಿ ಕಣ್ಣು ಮುಚ್ಚಿ ಹೇಳುವುದು, ಹುಡುಗಿ ಬರೆಯುವುದು, ನಾನು ದಿವಾನದ ತುದಿಯಲ್ಲಿ ಕೂತು ಕೇಳುವುದು. ಒಂದು ದಿನ ಗೆಳತಿ ಅಂದಳು: “ಅಬ್ಬಾ ಒಂದು ಮಾತು ಹೇಳೋರು. ಮದುವಿ ಪಟ್ಟಿ ಇರ್ತದ ನೋಡು, ಅದರಾಗ ಯಾರ್ನ ಕರದೀವಿ ಅನ್ನೂದು ಎಲ್ಲಾ ಅದ. ಹೆಸರು, ಊರು, ಯಾರ ಮಗ, ಯಾರ ಸೊಸಿ. ಆದ್ರ ಯಾರು ಬಂದಾರ ಅನ್ನೂದನ್ನ ಪಟ್ಟಿಗೆ ಕೇಳಬಾರದು, ಬಾಗಲಿಗೆ ಕೇಳಬೇಕು. ಮಾಹಿಯತ್ ಅಂದ್ರ ಪಟ್ಟಿ. ವಜೂದ್ ಅಂದ್ರ ಬಾಗಲು.”

ಹುಡುಗಿ ಪೆನ್ನು ಕೆಳಗಿಟ್ಟಳು. “ಯವ್ವಾ, ಇದು ಇಡೀ ಪುಸ್ತಕದ ಮಾತು. ಇದನ್ನ ಮೊದಲನೇ ಪುಟಕ್ಕ ಹಾಕೂಣು.”

ಆ ಮಾತು ನನ್ನದು. ಅವಳ ತಮ್ಮನ ಮಗನ ಮದುವೆಯ ಹೊತ್ತಿನಲ್ಲಿ, ಕರೆಯುವವರ ಪಟ್ಟಿ ಮಾಡುತ್ತಾ ಕೂತಿದ್ದಾಗ, ನನ್ನ ಬಾಯಿಂದ ಬಂದ ಮಾತು. ಜೀವಮಾನದಲ್ಲಿ ನಾನು ಆಡಿದ ಒಂದೇ ಒಂದು ಜಾಣ ಮಾತು ಅನ್ನಬಹುದು. ಎಲ್ಲಿ ಮರೆಯುತ್ತೇನೋ ಎಂದು ಅವತ್ತೇ ಬಯಾಜಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ, ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಬರೆದಿದ್ದೆ.

“ಅದು ನಂದು,” ಅಂದೆ.

“ಏನು ನಿಂದು?”

“ಆ ಮಾತು. ಪಟ್ಟಿ, ಬಾಗಲು. ನಾ ಹೇಳಿದ್ದು.”

ಗೆಳತಿ ನಕ್ಕಳು. “ಎಲ್ಲಾ ನಿಂದೇ. ಶಾಲ್ಯಾಗ ನನ್ನ ಕಂಪಾಸ್ ಬಾಕ್ಸೂ ನಿಂದೇ ಅಂತಿದ್ದಿ.”

ಹುಡುಗಿ ಮಾತ್ರ ನಗಲಿಲ್ಲ, ಬಹಳ ಮೃದುವಾಗಿ ಅಂದಳು: “ಮೇಡಂ, ಇಷ್ಟು ವರ್ಷ ಅವರ ಮಾತು ಕೇಳಿ ಕೇಳಿ ನಿಮಗ ನಿಮ್ಮದೇ ಅನ್ನಿಸಿರಬೇಕು. ಆಗ್ತದ್ರಿ ಹಂಗ.”

ವಯಸ್ಸಾದವರ ಜೊತೆ ಮಾತಾಡುವ ಆ ದನಿ! ನಾನು ಸತ್ತ ಮಾಸ್ತರರ ಮೇಲೂ ಹೊಟ್ಟೆಕಿಚ್ಚು ಪಟ್ಟೆ ಅವತ್ತು, ರಜೆಗೆ ಮಾನ್ವಿಗೆ ಹೋದಾಗ ನನ್ನನ್ನು ಸ್ಲೇಟಿನ ಮೇಲೆ ಉರ್ದುವಿನ ಮೊದಲ ಅಕ್ಷರ ಅಲಿಫ್ ಬರೆಯಲು ಕೂಡಿಸಿಕೊಂಡಿದ್ದ ಆ ದೇವರಂಥ ಮನುಷ್ಯನ ಮೇಲೆ. ಬಯಾಜ್ ಪೂರ್ತಿ ಅವರದ್ದು. ನನ್ನದೊಂದು ಸಾಲು ಕೂಡ ಅವರದ್ದೇ ಆಗಬೇಕೆ?

ರುಜುವಾತು ನನ್ನ ಸೀರೆಗಳ ಕೆಳಗಿತ್ತು. ತೆಗೆದರೆ ಸಾಲು ನನ್ನದಾಗುತ್ತದೆ, ಆದರೆ ಕಳ್ಳಿ ಎಂದೂ ಗೊತ್ತಾಗುತ್ತದೆ. ತೆಗೆಯದಿದ್ದರೆ ಗೆಳತಿ ಉಳಿಯುತ್ತಾಳೆ, ಉಳಿದಷ್ಟು. ಒಂದು ವಾರ ಊಟ ಸೇರಲಿಲ್ಲ. ಪಶ್ಚಾತ್ತಾಪದಿಂದ ಬಯಾಜ್ ಒಯ್ದೆ ಎಂದು ಇಲ್ಲಿ ಬರೆದರೆ ಚೆಂದ ಕಾಣುತ್ತದೆ. ಹಾಗಿರಲಿಲ್ಲ. ಆ ಸಾಲು ನನ್ನದೆಂದು ಆ ಹುಡುಗಿಗೆ ಗೊತ್ತಾಗಬೇಕಿತ್ತು, ಅದಕ್ಕೆ ಒಯ್ದೆ.

ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು ಕೂತೆ. ಕಂಡಕ್ಟರ್ ಆಧಾರ್ ನೋಡಿ, ಹೆಂಗಸರಿಗೆ ಕೊಡುವ ಜೀರೋ ಟಿಕೆಟ್ ಹರಿದುಕೊಟ್ಟ. ಹೊರಗೆ ಕಲ್ಮಲಾ ದಾಟಿ ಭತ್ತದ ಗದ್ದೆಗಳು ಶುರುವಾದವು. ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಒಂದು ಸ್ಪೀಚ್ ತಯಾರು ಮಾಡಿಕೊಂಡಿದ್ದೆ. ಒಳಗೆ ಕಾಲಿಟ್ಟವಳು ಅದನ್ನೆಲ್ಲ ಬಿಟ್ಟು ಬಯಾಜ್ ತೆಗೆದು ಟೇಬಲ್ಲಿನ ಮೇಲೆ, ಇಬ್ಬರ ನಡುವೆ ಇಟ್ಟೆ.

“ಗುರುತು ಇಟ್ಟೀನಿ,” ಎಂದು ಹುಡುಗಿಗೆ ಅಂದೆ. “ಆ ಹಾಳಿ ಅಂಚಿಗೆ ನೋಡು.”

ಹುಡುಗಿ ಗೆಳತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹಾಳೆ ತೆರೆದಳು. ಪೆನ್ಸಿಲ್ ಮಾಸಿತ್ತು, ಆದರೂ ಓದಲು ಬರುತ್ತಿತ್ತು. ನಿಧಾನಕ್ಕೆ ಓದಿದಳು, ತುಟಿಯಲ್ಲೇ. “ಹೌದ್ರಿ. ಮೇಡಂ ಅವರ ಅಕ್ಷರಾನೇ.”

ನಾನು ಗೆದ್ದಿದ್ದೆ. ಆದರೆ ಗೆಳತಿ ಆ ಹಾಳೆಯ ಕಡೆ ನೋಡಲೇ ಇಲ್ಲ.

“ಎಲ್ಲಿತ್ತು?” ಅಂದಳು.

“ನನ್ನ ಅಲಮಾರ್ಯಾಗ. ಸೀರಿ ಕೆಳಗ.”

“ಯಾವಾಗಿಂದ?”

“ಯಾವಾಗಲೂ.”

“ನನ್ನ ತಲಿ ಹೋಗ್ಯಾದ ಅಂತ ರಾಯಚೂರಿಗೆ ಬಂದು ಡಾಕ್ಟರಿಗೆ ತೋರಿಸಿ ಬಂದೆ ಲೇ ನಾನು. ನಿನಗ ಹೇಳಿರಲಿಲ್ಲ, ನೀ ಹೆದರ್ತಿ ಅಂತ.”

ದಿವಾನದ ಮೇಲೆ ಕೂತೆ.

“ಯಾಕ ಹಂಗ ಮಾಡಿದಿ?”

ಎಪ್ಪತ್ತೈದರ ಹತ್ತಿರದ ಹೆಂಗಸು, ಎಂ.ಎ. ಇಂಗ್ಲಿಷ್, ಕೊಟ್ಟ ಉತ್ತರ ಇದು: “ಆಕಿ ನನ್ನ ಕುರ್ಚಿ ಮ್ಯಾಲ ಕುಂದರ್ತಾಳ.”

ಹುಡುಗಿ ಸೂಜಿ ಚುಚ್ಚಿದಂತೆ ಎದ್ದುನಿಂತಳು. “ಮೇಡಂ, ನನಗ ಗೊತ್ತಿರಲಿಲ್ರಿ…”

“ಕುಂದರು ನೀ,” ಅಂದಳು ಗೆಳತಿ. “ಕುರ್ಚಿ ನಂದು.”

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಅಳಬಹುದಿತ್ತು, ಅತ್ತರೆ ಅವಳೂ ಅಳುತ್ತಿದ್ದಳು, ಆಗ ಚಹಾ ಕುಡಿಯಬಹುದಿತ್ತು. ಅವಳು ಬೈಯಲಿಲ್ಲ. ಬಯಾಜನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ರಟ್ಟು ಮೂಸಿ ನೋಡಿದಳು. ನನ್ನ ಅಲಮಾರಿಯ ನುಸಿಗುಳಿಗೆಯ ವಾಸನೆಗೆ ಮುಖ ಸಿಂಡರಿಸಿ, ಎದ್ದು ಬಾಗಿಲ ಹತ್ತಿರ ಬೆಳಕಿಗೆ ಹೋಗಿ, ನಮಗೆ ಬೆನ್ನು ಮಾಡಿ ಮೊದಲ ಹಾಳೆ ತೆರೆದಳು. ಹೊಸ ಕಣ್ಣಿನಿಂದ ಅಬ್ಬಾನ ಅಕ್ಷರವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

ಬಹಳ ಹೊತ್ತು ಓದಿದಳು. ಸಾಲಿನ ಕೆಳಗೆ ಬೆರಳು ಬಲದಿಂದ ಎಡಕ್ಕೆ ಹೋಗುತ್ತಿತ್ತು. ಒಂದು ಕಡೆ ಬೆರಳು ನಿಂತಿತು, ಅವಳು ಮೆಲ್ಲಗೆ ನಕ್ಕಳು. ನಾನು ಕೇಳಿರದ ನಗು, ಸಣ್ಣ ಹುಡುಗಿಯರ ನಗು. ಏನೋ ಗೊಣಗಿದಳು. ನಮಗಲ್ಲ. ಆ ಮನೆಯಲ್ಲಿ ಆಗ ನಾವಿಬ್ಬರೂ ಇರಲೇ ಇಲ್ಲ.

ಹುಡುಗಿ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು. “ಏನ್ ಓದಿ ನಕ್ಕರ್ರೀ ಮೇಡಂ?”

“ನನಗೇನು ಗೊತ್ತವಾ.”

“ಕೇಳ್ರಲ್ಲ.”

“ನೀನೇ ಕೇಳು. ಯವ್ವಾ ಅಂತೀಯಲ್ಲ.”

ಅವಳು ಕುತ್ತಿಗೆ ಚಾಚಿ ಆ ಬೆನ್ನನ್ನೇ ನೋಡುತ್ತಿದ್ದಳು. ಕೆಳದುಟಿ ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ಸಣ್ಣ ಉರಿ ಇತ್ತು. ಹಗಲೂ ರಾತ್ರಿ ಫೋನ್ ಮಾಡಿ ಮಾತು ಹೊರಡಿಸಿದವಳು ಅವಳು, ಈಗ ಒಂದು ಹಳೆಯ ಪುಸ್ತಕ ಬಂದ ಕೂಡಲೇ ಬೇಡವಾದವಳು. ಆ ಮುಖವನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ. ಮೊದಲ ಸಲ ಅವಳ ಮೇಲೆ ಒಂದಿಷ್ಟು ಪ್ರೀತಿ ಬಂತು. ಒಂದಿಷ್ಟೇ.

ದಿವಾನದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದೆ. ಅವಳು ಬೆತ್ತದ ಕುರ್ಚಿ ಬಿಟ್ಟು ಬಂದು ನನ್ನ ಪಕ್ಕ ಕೂತಳು. ಇಬ್ಬರೂ ಕೈ ಕಟ್ಟಿಕೊಂಡು ಕಾದೆವು. ಬಾಗಿಲ ಬೆಳಕಿನಲ್ಲಿ ಗೆಳತಿ ಇನ್ನೊಂದು ಹಾಳೆ ತಿರುವಿದಳು.